ಪ್ರಯಾಣಿಕರ ವಾಹನವಿಕಲ್ಪ: ಒಂದು ಗಣಿತವಿಚಾರದ ಇತಿಹಾಸ

ಮೀಮಾಂಸಾಶಾಸ್ತ್ರದಲ್ಲಿ ವಿಕಲ್ಪವೆಂಬ ಮಾತಿಗೆ ಖಚಿತವಾದ ಅರ್ಥವುಂಟು. ಒಂದೇ ಪ್ರಯೋಜನಕ್ಕೆ ಎರಡು ಸಾಧನಗಳು ವಿಹಿತವಾಗಿದ್ದು, ಒಂದನ್ನು ಕೈಕೊಂಡರೆ ಇನ್ನೊಂದನ್ನು ಬಿಡಬೇಕಾಗಿ ಬಂದಾಗ ಅದು ವಿಕಲ್ಪವೆನಿಸುವುದು. ಯಾಗದಲ್ಲಿ ವ್ರೀಹಿಯನ್ನಾಗಲಿ ಯವವನ್ನಾಗಲಿ ಉಪಯೋಗಿಸಬಹುದೆಂಬುದು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಪ್ರತಿದಿನವೂ ಮನೆಯಿಂದ ಕೆಲಸದ ಸ್ಥಳಕ್ಕೆ ಹೊರಡುವ ಪಟ್ಟಣಿಗನ ಮುಂದಿರುವುದೂ ಇಂಥದೇ ವಿಕಲ್ಪ. ಕಾರು, ಬಸ್ಸು, ರೈಲು, ಕಾಲ್ನಡಿಗೆ ಇವುಗಳಲ್ಲಿ ಒಂದನ್ನು ಹಿಡಿದರೆ ಆ ಹೊತ್ತಿಗೆ ಮಿಕ್ಕವನ್ನು ಬಿಟ್ಟಂತೆಯೇ ಸರಿ. ಪ್ರಾಚೀನ ಶಾಸ್ತ್ರಕಾರರು ವ್ರೀಹಿಯವಗಳಂಥ ವಿಕಲ್ಪವನ್ನು ಕರ್ತೃವಿನ ಇಚ್ಛೆಗೆ ಬಿಟ್ಟರು. ಆ ಇಚ್ಛೆಯನ್ನೇ ಗಣಿತಕ್ಕೆ ಒಳಪಡಿಸುವ ಸಾಹಸವು ಇಪ್ಪತ್ತನೆಯ ಶತಮಾನದ್ದು.

ಇದು ಕೇವಲ ಪಂಡಿತರ ಕುತೂಹಲದ ವಿಷಯವಲ್ಲ. ರೈಲುದಾರಿ, ಸೇತುವೆ, ಹೆದ್ದಾರಿಗಳನ್ನು ಕಟ್ಟುವ ಮೊದಲೇ ಅವುಗಳನ್ನು ಎಷ್ಟು ಮಂದಿ ಉಪಯೋಗಿಸುವರೆಂದು ಊಹಿಸಬೇಕು. ಊಹೆ ತಪ್ಪಿದರೆ ಸಾಲದ ಹೊರೆಯನ್ನು ಹೊರುವವರು ಪೌರರೇ. ಹೀಗಿರಲಾಗಿ, ಈ ವಿಚಾರದ ಇತಿಹಾಸದಲ್ಲಿ ಆರಂಭದಿಂದಲೂ ಒಂದು ಪ್ರಶ್ನೆಯು ಅಡಗಿಕೊಂಡಿರುವುದು: ಎರಡು ಸಾಧನಗಳು ಬೇರೆ ಬೇರೆಯೆಂದು, ಅಥವಾ ಒಂದೇ ಎಂದು, ನಿರ್ಣಯಿಸತಕ್ಕವನು ಲೆಕ್ಕಿಗನೋ ಪ್ರಯಾಣಿಕನೋ?

೧. ಸಮೂಹದ ಎಣಿಕೆ

ಪ್ರಯಾಣಕ್ಕೆ ನಿಯಮವುಂಟೆಂದು ತೋರಿಸಲೆತ್ನಿಸಿದವರಲ್ಲಿ ಎಡ್ವರ್ಡ್ ಲಿಲ್ ಎಂಬ ಆಸ್ಟ್ರಿಯದ ರೈಲ್ವೆ ಇಂಜಿನಿಯರನು ಗಮನಾರ್ಹನು. ೧೮೯೧ರಲ್ಲಿ ವಿಯೆನ್ನಾ ನಗರದಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು, ದೂರವು ಹೆಚ್ಚಿದಂತೆ ಪ್ರಯಾಣಿಕರ ಸಂಖ್ಯೆಯು ಒಂದು ಕ್ರಮವನ್ನನುಸರಿಸಿ ಕುಗ್ಗುವುದೆಂದು ಪ್ರತಿಪಾದಿಸಿದನು. ಗ್ರಹಗಳ ಆಕರ್ಷಣೆಯನ್ನು ಹೋಲುವ ಇಂಥ ಸೂತ್ರಗಳೇ ಮುಂದೆ ಬಹುಕಾಲ ಬಳಕೆಯಲ್ಲಿದ್ದುವು. ೧೯೫೦ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್ ಮತ್ತು ಷಿಕಾಗೋ ನಗರಗಳಲ್ಲಿ ಡಗ್ಲಸ್ ಕ್ಯಾರೊಲ್ ಎಂಬುವರ ನೇತೃತ್ವದಲ್ಲಿ ದೊಡ್ಡ ಪ್ರಮಾಣದ ಪರಿಶೀಲನೆಗಳು ನಡೆದುವು. ಈ ಪರಂಪರೆಯಿಂದ ನಾಲ್ಕು ಮೆಟ್ಟಿಲುಗಳ ಪದ್ಧತಿಯೊಂದು ರೂಢಿಗೆ ಬಂದಿತು: ಒಂದು ಬಡಾವಣೆಯಿಂದ ಎಷ್ಟು ಪ್ರಯಾಣಗಳು ಹೊರಡುವುವು, ಅವು ಎಲ್ಲೆಲ್ಲಿಗೆ ಹೋಗುವುವು, ಯಾವ ವಾಹನದಲ್ಲಿ, ಯಾವ ದಾರಿಯಲ್ಲಿ ಎಂಬುದು ಆ ಮೆಟ್ಟಿಲುಗಳ ಕ್ರಮ.

ಈ ಪದ್ಧತಿಯಲ್ಲಿ ಎಣಿಕೆಯ ಘಟಕವು ಮನುಷ್ಯನಲ್ಲ, ಬಡಾವಣೆ. ಒಂದು ಬಡಾವಣೆಯ ಸಿರಿವಂತನೂ ಬಡವನೂ, ನಿಲ್ದಾಣದ ಪಕ್ಕದ ಮನೆಯವನೂ ಒಂದು ಮೈಲಿ ಆಚೆಯವನೂ ಸರಾಸರಿಯಲ್ಲಿ ಲೀನವಾಗುತ್ತಿದ್ದರು. ಇದ್ದ ಬಸ್ಸಿನಲ್ಲಿ ಎಷ್ಟು ಜನರಿರುವರೆಂಬುದನ್ನು ಇದು ಹೇಳಬಲ್ಲುದಾಗಿತ್ತು. ಇನ್ನೂ ಇಲ್ಲದ ರೈಲು ಬಂದಾಗ ಯಾರು ಏಕೆ ಅದನ್ನು ಹತ್ತುವರೆಂಬ ಪ್ರಶ್ನೆಗೆ ಇದರಲ್ಲಿ ಸಮರ್ಪಕವಾದ ಉತ್ತರವಿರಲಿಲ್ಲ.

೨. ಮನಶ್ಶಾಸ್ತ್ರದ ಮೂಲ

ಉತ್ತರದ ಬೀಜವು ಸಂಚಾರಶಾಸ್ತ್ರದ ಹೊರಗೆ ಇದ್ದಿತು. ೧೮೬೦ರಲ್ಲಿ ಜರ್ಮನಿಯ ಫೆಕ್ನರನು ಎರಡು ತೂಕಗಳಲ್ಲಿ ಯಾವುದು ಹೆಚ್ಚೆಂದು ಕೈಗೆ ತೋರುವುದರಲ್ಲಿಯೂ ಅಳತೆಗೆ ಸಿಕ್ಕುವ ನಿಯಮಗಳಿವೆಯೆಂದು ವಿವರಿಸಿದ್ದನು. ಷಿಕಾಗೋದ ಮನಶ್ಶಾಸ್ತ್ರಜ್ಞ ಥರ್ಸ್ಟನ್ ೧೯೨೭ರಲ್ಲಿ ಈ ವಿಚಾರವನ್ನು ಮುಂದುವರಿಸಿ, ಒಂದು ವಸ್ತುವು ಮನಸ್ಸಿನಲ್ಲಿ ಪಡೆಯುವ ಬೆಲೆಯು ಸ್ಥಿರವಲ್ಲ, ಅದು ಒಂದು ಮಧ್ಯಬಿಂದುವಿನ ಸುತ್ತ ಹೊಯ್ದಾಡುತ್ತಿರುವುದು ಎಂದನು. ಆದುದರಿಂದ ಒಬ್ಬನೇ ಮನುಷ್ಯನು ಇಂದು ಒಂದನ್ನೂ ನಾಳೆ ಇನ್ನೊಂದನ್ನೂ ಮೇಲೆಂದು ಹೇಳಿದರೆ ಅದು ಅವಿವೇಕವಲ್ಲ. ಎರಡು ಬೆಲೆಗಳು ಹತ್ತಿರವಿದ್ದುವೆಂಬುದಕ್ಕೆ ಅದು ಸಾಕ್ಷಿ. ೧೯೬೦ರಲ್ಲಿ ಮಾರ್ಷಾಕ್ ಎಂಬ ಅರ್ಥಶಾಸ್ತ್ರಜ್ಞನು ಇದನ್ನು ತುಷ್ಟಿಗುಣದ ಪರಿಭಾಷೆಗೆ ತಂದನು. ತುಷ್ಟಿಗುಣಕ್ಕೆ ಎರಡು ಅಂಶಗಳುಂಟು: ಕಾಲ, ದರ ಮೊದಲಾಗಿ ಲೆಕ್ಕಿಗನಿಗೆ ಕಾಣುವ ಅಂಶವೊಂದು, ಅವನಿಗೆ ಕಾಣದೆ ಪ್ರಯಾಣಿಕನಲ್ಲಿಯೇ ಉಳಿಯುವ ಅಂಶವೊಂದು. ಎರಡನೆಯದರಿಂದಾಗಿ ಆಯ್ಕೆಯನ್ನು ನಿಶ್ಚಯವಾಗಿ ಹೇಳಲಾಗದು; ಅದರ ಸಂಭಾವ್ಯತೆಯನ್ನು ಮಾತ್ರ ಹೇಳಬಹುದು.

ಇದೇ ಕಾಲದಲ್ಲಿ ಸಂಚಾರದ ಕ್ಷೇತ್ರದಲ್ಲಿಯೂ ಬಡಾವಣೆಯನ್ನು ಬಿಟ್ಟು ವ್ಯಕ್ತಿಯ ಕಡೆಗೆ ತಿರುಗುವ ಪ್ರಯತ್ನಗಳು ಮೊದಲಾದುವು. ೧೯೬೨ರಲ್ಲಿ ಸ್ಟ್ಯಾನ್ಲಿ ವಾರ್ನರ್, ಷಿಕಾಗೋ ಪ್ರದೇಶದ ಪ್ರಯಾಣಿಕರ ದ್ವಿವಿಕಲ್ಪವನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದನು. ೧೯೬೫ರಲ್ಲಿ ಬೀಸ್ಲಿ ಎಂಬಾತನು ಲಂಡನ್ನಿನ ಸರ್ಕಾರಿ ನೌಕರರ ಪ್ರಯಾಣಗಳನ್ನು ಪರೀಕ್ಷಿಸಿ, ಸಮಯವನ್ನುಳಿಸಲು ಅವರು ತೆರಲು ಒಪ್ಪಿದ ಹಣದಿಂದ ಸಮಯಕ್ಕೆ ಬೆಲೆ ಕಟ್ಟಿದನು. ನಿಂತು ಕಾಯುವ ನಿಮಿಷವು ವಾಹನದಲ್ಲಿ ಕುಳಿತ ನಿಮಿಷಕ್ಕಿಂತ ಭಾರವಾದುದೆಂಬುದು ಇಂಥ ಪರಿಶೀಲನೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿರುವುದು. ಗಡಿಯಾರಕ್ಕೆ ಸಮನಾದುದು ಪ್ರಯಾಣಿಕನಿಗೆ ಸಮನಲ್ಲವೆಂಬುದಕ್ಕೆ ಇದೇ ಮೊದಲ ನಿದರ್ಶನ.

೩. ಸಂಗೀತದ ತಟ್ಟೆ ಮತ್ತು ಬಸ್ಸಿನ ಬಣ್ಣ

ಎರಡಕ್ಕಿಂತ ಹೆಚ್ಚು ಸಾಧನಗಳಿರುವಾಗ ಏನು ಮಾಡಬೇಕು? ೧೯೫೯ರಲ್ಲಿ ಡಂಕನ್ ಲೂಸ್ ಒಂದು ಸರಳವಾದ ಸೂತ್ರವನ್ನು ಮುಂದಿಟ್ಟನು. ಎರಡು ವಸ್ತುಗಳ ಸಂಭಾವ್ಯತೆಗಳ ಪ್ರಮಾಣವು ಮೂರನೆಯದು ಇದ್ದರೂ ಇಲ್ಲದಿದ್ದರೂ ಬದಲಾಗಬಾರದೆಂಬುದು ಅದರ ಸಾರ. ಮರುವರ್ಷವೇ ಡೆಬ್ರೂ ಎಂಬ ಅರ್ಥಶಾಸ್ತ್ರಜ್ಞನು ಆ ಗ್ರಂಥವನ್ನು ವಿಮರ್ಶಿಸುತ್ತ ಬಲವಾದ ಆಕ್ಷೇಪವನ್ನು ತಂದನು. ಅವನ ದೃಷ್ಟಾಂತವು ಸಂಗೀತದ್ದು. ಡೆಬ್ಯೂಸಿಯ ವಾದ್ಯಚತುಷ್ಟಯದ ಧ್ವನಿಮುದ್ರಿಕೆಯೊಂದು. ಬೇಥೋವನನ ಒಂದೇ ಸಿಂಫನಿಯನ್ನು ಇಬ್ಬರು ಬೇರೆ ನಿರ್ದೇಶಕರು ನಡೆಸಿದ ಮುದ್ರಿಕೆಗಳೆರಡು. ರಸಿಕನೊಬ್ಬನು ಬೇಥೋವನನ ಯಾವುದೊಂದು ಮುದ್ರಿಕೆಯ ಎದುರಿಗೂ ಡೆಬ್ಯೂಸಿಯನ್ನು ಐದರಲ್ಲಿ ಮೂರು ಬಾರಿ ಆರಿಸುವನೆನ್ನೋಣ. ಬೇಥೋವನನ ಎರಡು ಮುದ್ರಿಕೆಗಳು ಅವನಿಗೆ ಸಮಾನ. ಮೂರನ್ನೂ ಒಟ್ಟಿಗೆ ಇಟ್ಟರೆ ಲೂಸನ ಸೂತ್ರದಂತೆ ಡೆಬ್ಯೂಸಿಗೆ ಏಳರಲ್ಲಿ ಮೂರು ಪಾಲು ಮಾತ್ರ ಸಿಕ್ಕುವುದು. ಅಂದರೆ, ಒಂಟಿಯಾಗಿ ಎದುರಾದಾಗ ಸೋಲುತ್ತಿದ್ದ ಬೇಥೋವನನು, ಅದೇ ಕೃತಿಯ ಎರಡನೆಯ ಪ್ರತಿ ಸೇರಿದ ಮಾತ್ರಕ್ಕೆ ಗೆದ್ದುಬಿಡುವನು. ಇದು ಯುಕ್ತಿಗೆ ವಿರುದ್ಧವೆಂಬುದು ಸ್ಪಷ್ಟ.

ಈ ಆಕ್ಷೇಪವೇ ಸಂಚಾರಶಾಸ್ತ್ರದಲ್ಲಿ ಕೆಂಪು ಬಸ್ಸು, ನೀಲಿ ಬಸ್ಸುಗಳ ಪ್ರಸಂಗವೆಂದು ಪ್ರಸಿದ್ಧವಾಗಿರುವುದು. ಊರಿನ ಅರ್ಧ ಜನ ಕಾರಿನಲ್ಲಿಯೂ ಅರ್ಧ ಜನ ಕೆಂಪು ಬಸ್ಸಿನಲ್ಲಿಯೂ ಹೋಗುತ್ತಿರಲು, ಬಣ್ಣವೊಂದನ್ನುಳಿದು ಎಲ್ಲ ವಿಧದಲ್ಲಿಯೂ ಅದರಂತೆಯೇ ಇರುವ ನೀಲಿ ಬಸ್ಸನ್ನು ಓಡಿಸಿದರೆ ಸೂತ್ರವು ಮೂರಕ್ಕೂ ಸಮಪಾಲು ಕೊಡುವುದು. ಕಾರಿನ ಪಾಲು ಅರ್ಧದಿಂದ ಮೂರನೆಯ ಒಂದಕ್ಕೆ ಇಳಿಯುವುದು. ನಿಜವಾಗಿ ಕಾರಿನವರು ಕಾರಿನಲ್ಲಿಯೇ ಉಳಿಯುವರು. ಬಸ್ಸಿನವರು ಮಾತ್ರ ಎರಡು ಬಣ್ಣಗಳಲ್ಲಿ ಹಂಚಿಹೋಗುವರು. ಬಸ್ಸುಗಳಿಗೆ ಬಣ್ಣ ಬಳಿದು ಕಾರುಗಳನ್ನು ಬೀದಿಯಿಂದ ಇಳಿಸಬಹುದೆಂದು ಹೇಳುವ ಗಣಿತವನ್ನು ನೆಚ್ಚಿ ಹಣ ಸುರಿದ ನಗರದ ಗತಿಯನ್ನು ವಿವರಿಸಬೇಕಾಗಿಲ್ಲ.

೪. ಬಾರ್ಟ್ ಪರೀಕ್ಷೆ

ದೋಷವನ್ನು ಅರಿತೂ ಸೂತ್ರವನ್ನು ಕೆಲಸಕ್ಕೆ ತಂದ ಕೀರ್ತಿಯು ಡ್ಯಾನಿಯಲ್ ಮ್ಯಾಕ್‌ಫ್ಯಾಡನ್‌ಗೆ ಸಲ್ಲುವುದು. ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ೧೯೬೫ರ ಸುಮಾರಿಗೆ ಒಬ್ಬ ಸಂಶೋಧನ ವಿದ್ಯಾರ್ಥಿನಿಯು ಹೆದ್ದಾರಿ ಇಲಾಖೆಯವರು ದಾರಿಗಳನ್ನು ಆರಿಸುವ ರೀತಿಯನ್ನು ಪರೀಕ್ಷಿಸುತ್ತಿದ್ದಳು. ಆಕೆಗೆ ನೆರವಾಗಲೆಂದು ಆರಂಭವಾದ ವಿಚಾರವು ೧೯೭೪ರ ಪ್ರಬಂಧದಲ್ಲಿ ಪೂರ್ಣರೂಪವನ್ನು ಪಡೆಯಿತು. ಪ್ರಯಾಣಿಕನಲ್ಲಿ ಅಡಗಿದ ಅಂಶವು ಗುಂಬೆಲ್ ಎಂಬ ಗಣಿತಜ್ಞನ ಹೆಸರಿನ ವಿತರಣೆಯನ್ನನುಸರಿಸುವುದೆಂದು ಭಾವಿಸಿದರೆ, ಲೂಸನ ಸೂತ್ರವು ತಾನಾಗಿಯೇ ಹೊರಬೀಳುವುದು. ನದಿಗಳ ಮಹಾಪೂರಗಳನ್ನು ಅಳೆಯಲು ಉಪಯೋಗಿಸುತ್ತಿದ್ದ ವಿತರಣೆಯು ಹೀಗೆ ಬಸ್ಸು ಕಾಯುವವನ ಮನಸ್ಸಿಗೂ ಒದಗಿತು. ಇದಕ್ಕೆ ಲಾಜಿಟ್ ಮಾದರಿಯೆಂದು ಹೆಸರು. ಎರಡು ಸಾಧನಗಳು ಸಮಬಲವಾಗಿರುವಲ್ಲಿ ಒಂದೆರಡು ನಿಮಿಷಗಳ ಉಳಿತಾಯವೂ ಬಹಳ ಜನರನ್ನು ಸೆಳೆಯುವುದು. ಒಂದು ಅತಿ ಪ್ರಬಲವಾಗಿರುವಲ್ಲಿ ಅಷ್ಟೇ ಉಳಿತಾಯವು ಯಾರನ್ನೂ ಕದಲಿಸದು. ಇದು ಆ ಮಾದರಿಯ ಮುಖ್ಯ ಬೋಧನೆ.

ಪರೀಕ್ಷೆಗೆ ತಕ್ಕ ಸಂದರ್ಭವೂ ಅಲ್ಲಿಯೇ ಒದಗಿತು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಿನ ಮೂರು ಕೌಂಟಿಗಳ ಮತದಾರರು ೧೯೬೨ರ ನವೆಂಬರಿನಲ್ಲಿ ೭೯ ಕೋಟಿ ೨೦ ಲಕ್ಷ ಡಾಲರುಗಳ ಸಾಲಕ್ಕೆ ಒಪ್ಪಿಗೆ ಕೊಟ್ಟು, ಬಾರ್ಟ್ ಎಂಬ ವೇಗದ ರೈಲಿಗೆ ತಳಹದಿ ಹಾಕಿದ್ದರು. ೧೯೭೨ರ ಸೆಪ್ಟೆಂಬರಿನಲ್ಲಿ ಅದರ ಮೊದಲ ಭಾಗವೂ ೧೯೭೪ರ ಸೆಪ್ಟೆಂಬರಿನಲ್ಲಿ ಕೊಲ್ಲಿಯಡಿಯ ಸುರಂಗಮಾರ್ಗವೂ ತೆರೆದುವು. ಮ್ಯಾಕ್‌ಫ್ಯಾಡನ್ ಮತ್ತು ಆತನ ಸಹಕಾರಿಗಳು ರೈಲು ಓಡುವ ಮೊದಲೇ ೭೭೧ ಮಂದಿ ಕೆಲಸಗಾರರ ಪ್ರಯಾಣವಿವರಗಳನ್ನು ಕಲೆಹಾಕಿ, ಇನ್ನೂ ಯಾರೂ ಹತ್ತಿರದ ರೈಲಿನ ಪಾಲನ್ನು ಲೆಕ್ಕ ಹಾಕಿದರು. ಹಳೆಯ ಪದ್ಧತಿಯ ಅಧಿಕೃತ ಅಂದಾಜು ನೂರಕ್ಕೆ ೧೫ ಆಗಿದ್ದಿತು. ಹೊಸ ಮಾದರಿಯು ಹೇಳಿದುದು ೬.೩. ರೈಲು ಓಡಿದ ಮೇಲೆ ಕಂಡುಬಂದುದು ೬.೨.

ಈ ಫಲವು ಶಾಸ್ತ್ರದ ಭವಿಷ್ಯವನ್ನು ನಿರ್ಣಯಿಸಿತೆಂದರೆ ಅತಿಶಯೋಕ್ತಿಯಲ್ಲ. ಇಷ್ಟು ನಿಖರತೆಯಲ್ಲಿ ಅದೃಷ್ಟದ ಪಾಲೂ ಇದ್ದಿತೆಂದು ಮ್ಯಾಕ್‌ಫ್ಯಾಡನ್ ಮುಂದೆ ಒಪ್ಪಿಕೊಂಡಿರುವುದು ಆತನ ಪ್ರಾಮಾಣಿಕತೆಗೆ ಸಾಕ್ಷಿ. ಒಟ್ಟು ಮೊತ್ತವು ಸರಿಬಂದರೂ ಒಳಗಿನ ಹಂಚಿಕೆಯಲ್ಲಿ ತಪ್ಪುಗಳಿದ್ದುವು. ಒಬ್ಬರೇ ಕಾರಿನಲ್ಲಿ ಹೋಗುವವರು ಸುಮಾರು ೫೬ ಎಂದು ಮಾದರಿಯು ಹೇಳಿದ್ದರೆ ನಿಜವಾಗಿ ಇದ್ದವರು ನೂರಕ್ಕೆ ಸುಮಾರು ೬೦. ಅದಕ್ಕಿಂತ ದೊಡ್ಡ ತಪ್ಪು, ನಿಲ್ದಾಣಕ್ಕೆ ನಡೆದು ಬರುವವರನ್ನು ಕುರಿತದ್ದು: ಮಾದರಿಯು ಅವರ ಸಂಖ್ಯೆಯನ್ನು ವಾಸ್ತವಕ್ಕಿಂತ ಹಲವು ಮಡಿ ಹೆಚ್ಚಾಗಿ ಎಣಿಸಿದ್ದಿತು. ನಡಿಗೆಯ ನಿಮಿಷಗಳನ್ನು ಅದು ಬಲ್ಲುದಾಗಿದ್ದಿತು. ನಡೆಯಬೇಕಾದ ಬೀದಿಯ ಗುಣವನ್ನು ಅರಿಯದಾಗಿದ್ದಿತು. ಹಿತವಾದ ಬೀದಿಯ ಹತ್ತು ನಿಮಿಷವೂ ಅಂಜಿಕೆಯ ಬೀದಿಯ ಹತ್ತು ನಿಮಿಷವೂ ಅದರ ಲೆಕ್ಕದಲ್ಲಿ ಒಂದೇ.

೫. ಗೂಡಿನೊಳಗಿನ ವಿಕಲ್ಪ

ಇಲ್ಲಿ ಒಂದು ಅಂಶವು ವಿಚಾರಣೀಯವಾಗಿದೆ. ಕೆಂಪು ಮತ್ತು ನೀಲಿ ಬಸ್ಸುಗಳ ಪ್ರಸಂಗದಲ್ಲಿ ಗಣಿತವು ಒಂದೇ ಆದುದನ್ನು ಎರಡೆಂದು ಎಣಿಸಿತು. ಬಾರ್ಟಿನ ನಡಿಗೆಯ ವಿಷಯದಲ್ಲಿ ಎರಡಾದುದನ್ನು ಒಂದೆಂದು ಎಣಿಸಿತು. ದೋಷಗಳು ವಿರುದ್ಧವಾಗಿ ತೋರಿದರೂ ಮೂಲವೊಂದೇ: ಭೇದಾಭೇದವನ್ನು ಪ್ರಯಾಣಿಕನ ಕಣ್ಣಿನಿಂದ ನೋಡದಿರುವುದು.

ಮುಂದಿನ ಸುಧಾರಣೆಗಳೆಲ್ಲ ಈ ಮೂಲವನ್ನು ತಿದ್ದುವ ಪ್ರಯತ್ನಗಳೇ. ೧೯೭೩ರ ಬೆನ್ ಅಕೀವನ ಸಂಶೋಧನೆ, ೧೯೭೭ರ ವಿಲಿಯಮ್ಸನ ಲೇಖನ, ೧೯೭೮ರ ಮ್ಯಾಕ್‌ಫ್ಯಾಡನನ ಸಾಮಾನ್ಯಸಿದ್ಧಾಂತ, ಇವುಗಳಿಂದ ಗೂಡುಕಟ್ಟಿದ ಲಾಜಿಟ್ ಎಂಬ ಮಾದರಿಯು ರೂಪುಗೊಂಡಿತು. ಇದರಲ್ಲಿ ಪರಸ್ಪರ ಹೋಲುವ ಸಾಧನಗಳನ್ನು ಒಂದು ಗೂಡಿನಲ್ಲಿಡುವರು. ನೀಲಿ ಬಸ್ಸು ಬಂದಾಗ ಅದು ಮೊದಲು ತನ್ನ ಗೂಡಿನ ಕೆಂಪು ಬಸ್ಸಿನಿಂದ ಪಾಲು ಪಡೆಯುವುದು, ಕಾರಿನಿಂದಲ್ಲ. ೨೦೦೦ದಲ್ಲಿ ಮ್ಯಾಕ್‌ಫ್ಯಾಡನ್ ಮತ್ತು ಕೆನೆತ್ ಟ್ರೇನ್ ಪ್ರಕಟಿಸಿದ ಮಿಶ್ರ ಲಾಜಿಟ್ ವಿಚಾರದಲ್ಲಿ, ಕಾಲ ಮತ್ತು ದರಗಳಿಗೆ ಪ್ರತಿಯೊಬ್ಬನೂ ಕೊಡುವ ತೂಕವು ಬೇರೆ ಬೇರೆಯಾಗಿರಲು ಅವಕಾಶವಾಯಿತು. ಅದೇ ವರ್ಷ ಮ್ಯಾಕ್‌ಫ್ಯಾಡನ್‌ಗೆ ಜೇಮ್ಸ್ ಹೆಕ್ಮನ್ ಜೊತೆಯಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು.

ಮನಶ್ಶಾಸ್ತ್ರದ ಕಡೆಯಿಂದ ಆಕ್ಷೇಪವು ನಿಂತಿಲ್ಲ. ಮನುಷ್ಯನು ಎಲ್ಲ ಗುಣಗಳನ್ನೂ ಕೂಡಿ ಕಳೆದು ತೂಗುವುದಿಲ್ಲ. ಒಂದೊಂದೇ ಗುಣವನ್ನು ಹಿಡಿದು, ಅದಿಲ್ಲದ ವಸ್ತುಗಳನ್ನು ಕ್ರಮವಾಗಿ ಕೈಬಿಡುತ್ತ ಹೋಗುವನೆಂದು ೧೯೭೨ರಲ್ಲಿ ಏಮಸ್ ಟ್ವರ್ಸ್ಕಿ ತೋರಿಸಿದನು. ರಾತ್ರಿಯಲ್ಲಿ ಒಂಟಿಯಾಗಿ ಮರಳಬೇಕಾದ ಹೆಂಗಸು ಮೊದಲು ನಿರ್ಭಯವಲ್ಲದ ದಾರಿಯನ್ನೆಲ್ಲ ತಳ್ಳಿಹಾಕಿದ ಮೇಲೆ ದರವನ್ನು ವಿಚಾರಿಸುವಳೆಂಬುದು ಲೋಕಾನುಭವಕ್ಕೂ ಸಮ್ಮತ. ಅಂಥವಳಿಗೆ ದರದಲ್ಲಿ ಮಾಡಿದ ರಿಯಾಯಿತಿಯು ಪ್ರಯೋಜನವಿಲ್ಲದ್ದು; ಒಂದು ದೀಪದ ಕಂಬವು ಹೆಚ್ಚು ಫಲಕಾರಿ.

ಇದುವರೆಗಿನ ವಿಚಾರದಿಂದ ಸಿದ್ಧವಾಗುವ ಅಂಶವಿಷ್ಟು. ಸಮೂಹದಿಂದ ವ್ಯಕ್ತಿಗೆ ತಿರುಗಿದಾಗ ಈ ಶಾಸ್ತ್ರಕ್ಕೆ ಬಲವು ಬಂದಿತು. ವ್ಯಕ್ತಿಯು ಕಾಣುವ ಭೇದಗಳನ್ನು ತನ್ನ ಭೇದಗಳಾಗಿ ಸ್ವೀಕರಿಸಿದಷ್ಟೂ ಆ ಬಲವು ವೃದ್ಧಿಯಾಯಿತು. ಸೂತ್ರದ ಸೊಗಸು ಇದಕ್ಕೆ ಬದಲಾಗಲಾರದು. ಇಚ್ಛೆಯನ್ನು ಅಳೆಯಲು ಹೊರಟವರು ಇಚ್ಛಿಸುವವನನ್ನು ಮೊದಲು ಕೇಳಬೇಕು. ಆಗ ಮಾತ್ರ ಅವನ ಹೆಸರಿನಲ್ಲಿ ಸಾಲ ಮಾಡಿ ಕಟ್ಟಿದ ದಾರಿಯಲ್ಲಿ ಅವನು ನಡೆದಾನು.