ಲ್ಯಾಗ್ ಮರೆಸುವ ವಿದ್ಯೆ

ಆನ್‌ಲೈನ್ ಆಟದಲ್ಲಿ ಆಟಗಾರ ಕೀ ಒತ್ತಿದ ಕ್ಷಣಕ್ಕೂ ಅದರ ಫಲ ಪರದೆಯ ಮೇಲೆ ಕಾಣಿಸುವ ಕ್ಷಣಕ್ಕೂ ನಡುವೆ ಬೀಳುವ ತಡವೇ ಲ್ಯಾಗ್. ಸಂದೇಶವೊಂದು ಸರ್ವರ್‌ಗೆ ಹೋಗಿ ಮರಳಲು ಹಿಡಿಯುವ ಸಮಯವನ್ನು ಪಿಂಗ್ ಎನ್ನುತ್ತಾರೆ. ಅದರ ಲೆಕ್ಕ ಮಿಲಿಸೆಕೆಂಡುಗಳಲ್ಲಿ. ಆಪ್ಟಿಕಲ್ ಫೈಬರ್‌ನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಆ ತಂತಿಯಲ್ಲಿ ಅದಕ್ಕಿಂತ ಬೇಗ ಯಾವ ಸುದ್ದಿಯೂ ಮುಟ್ಟದು. ಹಾಗಾಗಿ ಆಟ ಕಟ್ಟುವವರು ಮೂರು ದಶಕಗಳಿಂದ ಮಾಡುತ್ತ ಬಂದಿರುವುದು ಬಹುಮಟ್ಟಿಗೆ ಒಂದೇ ಕೆಲಸ: ತಡವನ್ನು ಒಬ್ಬನ ಕಣ್ಣಿಂದ ಮರೆಮಾಡಿ ಇನ್ನೊಂದು ಕಡೆಗೆ ದಾಟಿಸುವುದು.

1993ರ ಡಿಸೆಂಬರ್‌ನಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಹೊರತಂದ ‘ಡೂಮ್’ ಆಟವನ್ನು ಒಂದೇ ಕಚೇರಿಯ ಅಥವಾ ಕಾಲೇಜಿನ ನೆಟ್‌ವರ್ಕ್‌ನಲ್ಲಿ ನಾಲ್ವರು ಸೇರಿ ಆಡಬಹುದಿತ್ತು. ಸೆಕೆಂಡಿಗೆ 35 ಸಲ ಪ್ರತಿ ಕಂಪ್ಯೂಟರ್ ತನ್ನ ಆಟಗಾರ ಒತ್ತಿದ ಕೀಗಳ ವಿವರವನ್ನು ಉಳಿದವಕ್ಕೆ ಕಳಿಸಬೇಕು. ಎಲ್ಲರದೂ ಬಂದ ಮೇಲೆಯೇ ಆಟ ಒಂದು ಹೆಜ್ಜೆ ಮುಂದೆ. ಒಬ್ಬನ ಸಂಪರ್ಕ ಕುಂಟಿದರೆ ನಾಲ್ವರೂ ಕುಂಟುತ್ತಿದ್ದರು. ಸಾಲದ್ದಕ್ಕೆ ಮೊದಲ ಆವೃತ್ತಿ ತನ್ನ ಪ್ಯಾಕೆಟ್‌ಗಳನ್ನು ನೆಟ್‌ವರ್ಕ್‌ನಲ್ಲಿದ್ದ ಎಲ್ಲ ಯಂತ್ರಗಳಿಗೂ ಬಿತ್ತರಿಸುತ್ತಿತ್ತು. ಆಟದ ಗೋಜಿಗೇ ಹೋಗದವರ ಕಂಪ್ಯೂಟರೂ ನಿಧಾನವಾಗಿ, ಕೆಲವು ಸಂಸ್ಥೆಗಳು ‘ಡೂಮ್’ ಆಡುವುದನ್ನೇ ನಿಷೇಧಿಸಿದವು.

ಇದೇ ಕಂಪನಿಯ ‘ಕ್ವೇಕ್’ 1996ರ ಜೂನ್‌ನಲ್ಲಿ ಬಂತು. ಇಲ್ಲಿ ಆಟದ ಆಗುಹೋಗುಗಳನ್ನೆಲ್ಲ ಸರ್ವರ್ ತೀರ್ಮಾನಿಸುತ್ತಿತ್ತು. ಆಟಗಾರನ ಕಂಪ್ಯೂಟರ್ ಕೀಗಳನ್ನು ಕಳಿಸಿ, ಬಂದ ಚಿತ್ರಣವನ್ನು ತೋರಿಸುತ್ತಿತ್ತು ಅಷ್ಟೆ. ಕಂಪನಿಯ ವೇಗದ ಲೈನಿನಲ್ಲಿ ಇದು ಸೊಗಸಾಗಿಯೇ ನಡೆಯಿತು. ಆದರೆ ಕೊಂಡವರಲ್ಲಿ ಬಹಳ ಮಂದಿ ಟೆಲಿಫೋನ್ ತಂತಿಗೆ 28.8 ಕಿಲೋಬಿಟ್ ಮೋಡೆಮ್ ಸಿಕ್ಕಿಸಿಕೊಂಡವರು. ಅವರ ಪಿಂಗ್ 300 ಮಿಲಿಸೆಕೆಂಡ್ ದಾಟುವುದು ಮಾಮೂಲಾಗಿತ್ತು. ಮುಂದಕ್ಕೆ ಹೋಗುವ ಕೀ ಒತ್ತಿದರೆ ಸೆಕೆಂಡಿನ ಮೂರನೇ ಒಂದು ಭಾಗ ಏನೂ ಇಲ್ಲ. ಕೀ ಬಿಟ್ಟ ಮೇಲೂ ಅಷ್ಟೇ ಹೊತ್ತು ಜಾರಿಕೊಂಡು ಹೋಗಿ ಕೆಳಗಿನ ಲಾವಾಕ್ಕೆ ಬೀಳುವುದು. ತಾನು ವಿನ್ಯಾಸ ಮಾಡುವಾಗ ಮೋಡೆಮ್‌ನವರನ್ನು ಸರಿಯಾಗಿ ಗಣಿಸಿರಲಿಲ್ಲ ಎಂದು ಇದರ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಆಗಸ್ಟ್‌ನಲ್ಲಿ ಬಹಿರಂಗವಾಗಿ ಬರೆದರು. ಅದೇ ಡಿಸೆಂಬರ್‌ನಲ್ಲಿ ‘ಕ್ವೇಕ್‌ವರ್ಲ್ಡ್’ ಹೊರಬಂತು. ಇದರಲ್ಲಿ ಸರ್ವರ್‌ನ ಉತ್ತರಕ್ಕೆ ಕಾಯದೆ ಆಟಗಾರನ ಕಂಪ್ಯೂಟರೇ ಅವನನ್ನು ನಡೆಸಿಬಿಡುತ್ತದೆ. ಉತ್ತರ ಬಂದಾಗ ತಾಳೆ ನೋಡಿ, ವ್ಯತ್ಯಾಸವಿದ್ದರೆ ಸ್ಥಾನ ತಿದ್ದುತ್ತದೆ. ಪ್ಯಾಕೆಟ್‌ಗಳು ಕಳೆದುಹೋಗುವ ಸಂಪರ್ಕದಲ್ಲಿ ಓಡುತ್ತಿದ್ದವನು ಇದ್ದಕ್ಕಿದ್ದಂತೆ ಹಿಂದಿನ ಜಾಗಕ್ಕೆ ಎಳೆಯಲ್ಪಡುವುದಕ್ಕೆ ಈ ತಿದ್ದುಪಡಿಯೇ ಕಾರಣ. ಊಹೆ ಮಾಡಿ ಆಮೇಲೆ ತಿದ್ದುವ ಕ್ರಮ ಹೊಸದೇನಲ್ಲ. ಅಮೆರಿಕದ ಸೇನೆಯ ಟ್ಯಾಂಕ್ ತರಬೇತಿಗೆಂದು 1980ರ ದಶಕದಲ್ಲಿ ಕಟ್ಟಿದ ಸಿಮ್‌ನೆಟ್ ವ್ಯವಸ್ಥೆ ಎದುರಿನ ಟ್ಯಾಂಕಿನ ಮುಂದಿನ ಸ್ಥಾನವನ್ನು ಅದರ ವೇಗದಿಂದ ಊಹಿಸುತ್ತಿತ್ತು.

ನೂರಾರು ಸೈನಿಕರನ್ನು ಓಡಾಡಿಸುವ ‘ಏಜ್ ಆಫ್ ಎಂಪೈರ್ಸ್’ಗೆ (1997) ಈ ದಾರಿ ಒಗ್ಗುತ್ತಿರಲಿಲ್ಲ. ಪ್ರತಿಯೊಬ್ಬನ ಸ್ಥಾನ ಕಳಿಸುವಷ್ಟು ಜಾಗ ಮೋಡೆಮ್‌ನಲ್ಲಿ ಎಲ್ಲಿತ್ತು? ಅದು ಆಟಗಾರರ ಆಜ್ಞೆಗಳನ್ನು ಮಾತ್ರ ಕಳಿಸಿತು. ಈಗ ಕೊಟ್ಟ ಆಜ್ಞೆ ಎರಡು ಸರದಿ ಕಳೆದ ಮೇಲೆ ಎಲ್ಲ ಯಂತ್ರಗಳಲ್ಲೂ ಒಟ್ಟಿಗೇ ಜಾರಿಯಾಗುತ್ತಿತ್ತು. ತಡ ಏರಿಳಿಯುವುದಕ್ಕಿಂತ ಒಂದೇ ಸಮನೆ ಇರುವುದನ್ನು ಆಟಗಾರರು ಸಹಿಸುತ್ತಾರೆ ಎಂಬುದನ್ನು ಅದರ ತಂಡ ಕಂಡುಕೊಂಡಿತು. ಸ್ಥಿರವಾದ ಅರ್ಧ ಸೆಕೆಂಡು ನಡೆದೀತು, 80ಕ್ಕೂ 500 ಮಿಲಿಸೆಕೆಂಡಿಗೂ ಜಿಗಿದಾಡುವ ಪಿಂಗ್ ನಡೆಯದು. ಈ ಪದ್ಧತಿಯ ತೊಡಕು ಬೇರೆಯದು. ಒಂದು ಕಂಪ್ಯೂಟರಿನಲ್ಲಿ ಜಿಂಕೆಯೊಂದು ಕೂದಲೆಳೆಯಷ್ಟು ಬೇರೆ ಕಡೆ ನಿಂತಿದ್ದರೂ ನಿಮಿಷಗಳ ನಂತರ ಬೇಟೆಗಾರನ ಈಟಿ ಅಲ್ಲಿ ಗುರಿ ತಪ್ಪಿ, ಎರಡು ಯಂತ್ರಗಳಲ್ಲಿ ಎರಡು ಬೇರೆ ಆಟಗಳೇ ನಡೆಯುತ್ತಿದ್ದವು.

ಗುಂಡು ಹಾರಿಸುವ ಆಟಗಳಲ್ಲಿ ಇನ್ನೊಂದು ಸಮಸ್ಯೆ ಉಳಿದಿತ್ತು. ಪರದೆಯ ಮೇಲೆ ಕಾಣುವ ಎದುರಾಳಿ ಹಳೆಯ ಜಾಗದಲ್ಲಿರುವವನು. ಗುರಿ ಸರಿಯಾಗಿದ್ದರೂ ಗುಂಡು ತಾಗದು. ಅನುಭವಿಗಳು ಪಿಂಗ್ ಅಂದಾಜು ಮಾಡಿ ಎದುರಾಳಿಗಿಂತ ಮುಂದಕ್ಕೆ ಹೊಡೆಯುತ್ತಿದ್ದರು. ವಾಲ್ವ್ ಕಂಪನಿಯ ಯಾನ್ ಬರ್ನಿಯರ್ 2001ರಲ್ಲಿ ವಿವರಿಸಿದ ಉಪಾಯದಲ್ಲಿ ಸರ್ವರ್ ಎಲ್ಲರ ಹಿಂದಿನ ಸ್ಥಾನಗಳನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಗುಂಡಿನ ಸಂದೇಶ ಬಂದಾಗ, ಹೊಡೆದವನು ಕಂಡ ಕ್ಷಣಕ್ಕೆ ಆಟವನ್ನು ಹಿಂದಿರುಗಿಸಿ ತೀರ್ಪು ಕೊಡುತ್ತದೆ. ಇದರ ಬೆಲೆ ತೆರುವವನು ಗುಂಡು ತಿಂದವನು: ಗೋಡೆಯ ಮರೆಗೆ ಸರಿದು ಉಸ್ಸೆಂದ ಮೇಲೂ ಸಾಯುತ್ತಾನೆ. ‘ಕೌಂಟರ್ ಸ್ಟ್ರೈಕ್’ ಆಡಿದವರೆಲ್ಲ ಇದಕ್ಕೆ ಬೈದವರೇ. ಆದರೂ ಆಯ್ಕೆ ಸರಿಯಾದದ್ದೇ. ಹೊಡೆಯುವವನಿಗೆ ಅನ್ಯಾಯವಾದರೆ ಪ್ರತಿ ಗುಂಡಿಗೂ ಗೊತ್ತಾಗುತ್ತದೆ, ಸಾಯುವವನಿಗೆ ಅಪರೂಪಕ್ಕೆ.

ಇಬ್ಬರು ಕೈಕೈ ಮಿಲಾಯಿಸುವ ಫೈಟಿಂಗ್ ಆಟಗಳಲ್ಲಿ ಒಂದು ಫ್ರೇಮ್, ಅಂದರೆ ಸೆಕೆಂಡಿನ 60ರಲ್ಲಿ ಒಂದು ಭಾಗವೂ ಲೆಕ್ಕಕ್ಕೆ ಬರುತ್ತದೆ. ಟೋನಿ ಕ್ಯಾನನ್ 2006ರಲ್ಲಿ ರೂಪಿಸಿದ ಜಿಜಿಪಿಒ, ಎದುರಾಳಿ ಹಿಂದಿನ ಗುಂಡಿಯನ್ನೇ ಒತ್ತಿ ಹಿಡಿದಿದ್ದಾನೆಂದು ಭಾವಿಸಿ ಆಟ ಮುಂದುವರಿಸುತ್ತದೆ. ಊಹೆ ತಪ್ಪಿದರೆ ಕೆಲವು ಫ್ರೇಮ್ ಹಿಂದಕ್ಕೆ ಹೋಗಿ ಹೊಸದಾಗಿ ಲೆಕ್ಕ ಹಾಕುತ್ತದೆ. ಈ ‘ರೋಲ್‌ಬ್ಯಾಕ್’ ಕ್ರಮದ ಕಡೆಗೆ ಜಪಾನಿನ ದೊಡ್ಡ ಕಂಪನಿಗಳು ಬಹುಕಾಲ ಹಿಂದೇಟು ಹಾಕಿದವು. 2019ರಲ್ಲಿ ಜಿಜಿಪಿಒ ಮುಕ್ತ ತಂತ್ರಾಂಶವಾಯಿತು. 2021ರ ‘ಗಿಲ್ಟಿ ಗಿಯರ್ ಸ್ಟ್ರೈವ್’ ರೋಲ್‌ಬ್ಯಾಕ್ ಸಮೇತವೇ ಬಂತು.

ಆಟದಾಚೆಗಿನ ಒಂದು ಕಾರಣ ಬೆಳಕಿಗೆ ಬಂದದ್ದು ತಡವಾಗಿ. ಮನೆಯಲ್ಲಿ ಯಾರಾದರೂ ವಿಡಿಯೊ ಅಪ್‌ಲೋಡ್ ಮಾಡಿದೊಡನೆ ಪಿಂಗ್ ನೆಗೆಯುವುದೇಕೆಂದು ಜಿಮ್ ಗೆಟಿಸ್ 2010ರ ಹೊತ್ತಿಗೆ ಪತ್ತೆ ಹಚ್ಚಿದರು. ರೌಟರ್, ಮೋಡೆಮ್‌ಗಳ ಅತಿ ದೊಡ್ಡ ಬಫರ್‌ಗಳಲ್ಲಿ ಪ್ಯಾಕೆಟ್‌ಗಳು ಸಾಲುಗಟ್ಟಿ ಕಾಯುತ್ತಿದ್ದವು. ಇಂಟರ್‌ನೆಟ್ ಪ್ಲಾನ್ ಹೆಚ್ಚಿಸಿಕೊಂಡರಷ್ಟೇ ಈ ಸಾಲು ಕರಗುವುದಿಲ್ಲ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಪ್ರಕಟಿಸಿದ ಕೋಡೆಲ್, ಪ್ಯಾಕೆಟ್ ಎಷ್ಟು ಹೊತ್ತು ಕಾದಿದೆಯೆಂದು ನೋಡಿ ಸಾಲನ್ನು ಹತೋಟಿಯಲ್ಲಿಡುತ್ತದೆ.

ಭಾರತದ ಆಟಗಾರರಿಗೆ ಬಹುಕಾಲ ಸಿಂಗಪುರದ ಸರ್ವರ್‌ಗಳೇ ಗತಿಯಾಗಿದ್ದವು. ಬೆಂಗಳೂರಿಂದ ಅಲ್ಲಿಗೆ ಸುಮಾರು 3,200 ಕಿ.ಮೀ.; ನೇರ ಫೈಬರ್ ಇದ್ದರೂ ಹೋಗಿಬರಲು 32 ಮಿಲಿಸೆಕೆಂಡ್ ಬೇಕೇ ಬೇಕು. ಕೇಬಲ್‌ಗಳ ಸುತ್ತುದಾರಿ ಸೇರಿದರೆ ಇನ್ನೂ ಹೆಚ್ಚು. 2015ರಲ್ಲಿ ಮೈಕ್ರೋಸಾಫ್ಟ್, 2016ರಲ್ಲಿ ಅಮೆಜಾನ್ ತಮ್ಮ ಕ್ಲೌಡ್ ಡೇಟಾ ಸೆಂಟರ್‌ಗಳನ್ನು ಭಾರತದಲ್ಲಿ ತೆರೆದ ಮೇಲೆ ಆಟದ ಕಂಪನಿಗಳಿಗೆ ಇಲ್ಲೇ ಸರ್ವರ್ ಬಾಡಿಗೆಗೆ ಪಡೆಯುವುದು ಸುಲಭವಾಯಿತು. ಮುಂಬೈ ಸರ್ವರ್‌ಗೆ ಬೆಂಗಳೂರಿನ ದೂರ ಸಿಂಗಪುರದ ಮೂರನೇ ಒಂದು ಭಾಗಕ್ಕೂ ಕಡಿಮೆ. ಫೋನಿನಲ್ಲಿ ಆಡುವವರಿಗೆ ಮಾತ್ರ ಹತ್ತಿರದ ಟವರ್‌ವರೆಗಿನ ಹಾದಿಯದೇ ಪೇಚು. ಅಲ್ಲಿ ಒಂದೇ ತರಂಗಾಂತರವನ್ನು ಸುತ್ತಲಿನವರೆಲ್ಲ ಹಂಚಿಕೊಳ್ಳುವುದರಿಂದ, ಜನ ಹೆಚ್ಚಿದ ಹೊತ್ತಿನಲ್ಲಿ ಪಿಂಗ್ ಜಿಗಿದಾಡುತ್ತದೆ.