ಅರಗು, ಗೋರಂಟಿ ಮತ್ತು ಉಗುರಿನ ಬಣ್ಣ

ಉಗುರು ನಮ್ಮ ನುಡಿಯಲ್ಲಿ ಅಲ್ಪತ್ವದ ಅಳತೆಗೋಲು. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಏಕೆ ಎನ್ನುತ್ತೇವೆ. ನೀರು ಹೆಚ್ಚು ಕಾದಿಲ್ಲವೆಂದು ಹೇಳಲು ಉಗುರುಬೆಚ್ಚಗೆ ಎನ್ನುತ್ತೇವೆ. ಇಂಥ ಅಲ್ಪವಸ್ತುವಿಗೆ ಹಚ್ಚುವ ಬಣ್ಣದ ಚರಿತ್ರೆಯನ್ನು ಹೇಳಹೊರಟ ಕನ್ನಡ ಮೇಷ್ಟರನ್ನು ಕಂಡು ಕೇಳುಗರು ಮುಗುಳ್ನಕ್ಕರೆ ತಪ್ಪೇನಿಲ್ಲ. ಆದರೆ ಇಂದು ಯಾವುದೇ ಪಟ್ಟಣದ ಬ್ಯೂಟಿ ಪಾರ್ಲರಿನ ದರಪಟ್ಟಿಯನ್ನು ನೋಡಿ: ಸಾದಾ ಮ್ಯಾನಿಕ್ಯೂರ್, ಫ್ರೆಂಚ್ ಮ್ಯಾನಿಕ್ಯೂರ್, ಜೆಲ್ ಪಾಲಿಶ್, ಅಕ್ರಿಲಿಕ್ ಉಗುರು, ಕೊನೆಯಲ್ಲಿ ಮೆಹಂದಿ. ಹತ್ತು ಬೆರಳಿಗೆ ಇಷ್ಟು ಬಗೆ. ಆ ಪಟ್ಟಿಯ ಒಂದೊಂದು ಸಾಲಿನ ಹಿಂದೆಯೂ ಒಂದೊಂದು ದೇಶವಿದೆ, ಕಾಲವಿದೆ, ಕೆಲವು ಕಡೆ ಕಣ್ಣೀರೂ ಇದೆ. ಆಯ್ದುಕೊಳ್ಳುವವರು ಆಯುವ ಮುನ್ನ ಅಷ್ಟನ್ನು ತಿಳಿದಿದ್ದರೆ ಲೇಸು.

ಮೊದಲು ಹೆಸರಿನಿಂದಲೇ ಹೊರಡೋಣ. ಉಗುರಿನ ಬಣ್ಣಕ್ಕೆ ಇಂಗ್ಲಿಷಿನಲ್ಲಿ 'ಲ್ಯಾಕರ್' ಎಂಬ ಮಾತೊಂದಿದೆ. ಅದರ ಬೇರನ್ನು ಅಗೆಯುತ್ತ ಹೋದರೆ ಪೋರ್ಚುಗೀಸ್, ಅರಬಿ ಭಾಷೆಗಳನ್ನು ದಾಟಿ ನಮ್ಮ ಸಂಸ್ಕೃತದ 'ಲಾಕ್ಷಾ' ಶಬ್ದಕ್ಕೆ ಬಂದು ನಿಲ್ಲುತ್ತೇವೆ. ಲಾಕ್ಷಾ ಎಂದರೆ ನಮ್ಮ ಅರಗು. ಮುತ್ತುಗ, ಜಾಲಾರಿಗಳ ಜಾತಿಯ ಮರಗಳ ರೆಂಬೆಗಳ ಮೇಲೆ ಕಿರುಹುಳುಗಳು ಕಟ್ಟುವ ಗೂಡು ಅದು. ಅದರಿಂದ ದೊರೆಯುವುದು ಎರಡು: ಮೆರುಗು ಕೊಡುವ ಅಂಟು, ಕಡುಗೆಂಪಿನ ರಸ. ಅಂಟು ಚನ್ನಪಟ್ಟಣದ ಬೊಂಬೆಗಳಿಗೆ ಸೇರಿತು. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜಿದ ಕಾವಿಗೆ ಅದು ಕರಗಿ ಹರಡಿಕೊಳ್ಳುತ್ತದೆ. ರಸ ಹೆಣ್ಣಿನ ಪಾದಗಳಿಗೆ ಸೇರಿತು. ಕಾಳಿದಾಸನ ಶಾಕುಂತಲದ ನಾಲ್ಕನೆಯ ಅಂಕದಲ್ಲಿ ಗಂಡನ ಮನೆಗೆ ಹೊರಟ ಮಗಳಿಗೆ ಕಾಡಿನ ಮರಗಳು ಕೊಡುವ ಉಡುಗೊರೆಗಳಲ್ಲಿ ಪಾದಕ್ಕೆ ಹಚ್ಚುವ ಲಾಕ್ಷಾರಸವೂ ಒಂದು. ತವರನ್ನು ಬಿಡುವ ಹೆಣ್ಣಿಗೆ ಬಣ್ಣ ಕೊಟ್ಟು ಕಳುಹುವ ಆ ಕಲ್ಪನೆಯನ್ನು ತರಗತಿಯಲ್ಲಿ ಪಾಠ ಹೇಳುವಾಗಲೆಲ್ಲ ನನಗೆ ಒಂದು ಪ್ರಶ್ನೆ ಏಳುತ್ತಿತ್ತು: ಹೋಗುವವಳಿಗೆ ಬಣ್ಣ ಸರಿ, ಉಳಿದವಳಿಗೆ?

ಈ ಪ್ರಶ್ನೆಗೆ ನಮ್ಮ ಗೋರಂಟಿಯೇ ಉತ್ತರ ಹೇಳಬೇಕು. ಮದರಂಗಿ ಎಂದರೂ ಮೆಹಂದಿ ಎಂದರೂ ಗಿಡ ಒಂದೇ. ಅದರ ಎಲೆಯಲ್ಲಿ 'ಲಾಸೋನ್' ಎಂಬ ರಂಗುದ್ರವ್ಯ ಅಡಗಿದೆ. ಎಲೆಯನ್ನು ಅರೆದು ನಿಂಬೆಯ ಹುಳಿ ಸೇರಿಸಿದರೆ ಅದು ಹೊರಬಂದು ಉಗುರಿನ ಕೆರಾಟಿನ್ ಎಂಬ ಸಸಾರಜನಕದೊಡನೆ ಬೆಸೆದುಕೊಳ್ಳುತ್ತದೆ. ಹೀಗೆ ಕೂಡಿದ ಬಣ್ಣವನ್ನು ಯಾವ ದ್ರಾವಣವೂ ತೆಗೆಯಲಾರದು. ಉಗುರು ಬೆಳೆದೇ ಅದನ್ನು ಹೊರದೂಡಬೇಕು. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರಿನಂತೆ ಬೆಳೆಯುವುದರಿಂದ ಬಣ್ಣ ತುದಿ ಮುಟ್ಟುವುದಕ್ಕೆ ಐದಾರು ತಿಂಗಳು ಬೇಕು.

ನಮ್ಮ ಮನೆಯಲ್ಲಿ ಹಬ್ಬದ ಹಿಂದಿನ ಸಂಜೆ ಗೋರಂಟಿ ಅರೆಯುತ್ತಿದ್ದವರು ನನ್ನ ಸೋದರತ್ತೆ. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡವರು. ಅರೆಯಲು ಕೂರುವ ಮೊದಲು ಅವರು ಎರಡು ಅಂಗೈಗಳಿಗೂ ಬೆರಳುಗಳಿಗೂ ಕೊಬ್ಬರಿ ಎಣ್ಣೆಯನ್ನು ದಟ್ಟವಾಗಿ ಬಳಿದುಕೊಳ್ಳುತ್ತಿದ್ದರು. ಅದು ನುಣುಪಿಗಾಗಿ ಎಂದು ನಾವು ಮಕ್ಕಳು ತಿಳಿದಿದ್ದೆವು. ಎಣ್ಣೆ ಬಳಿದ ಕೈಗೆ ಗೋರಂಟಿ ಹತ್ತುವುದಿಲ್ಲ ಎಂಬುದನ್ನು ನಾನು ಅರಿತದ್ದು ದೊಡ್ಡವನಾದ ಮೇಲೆ. ಮನೆಯ ಎಲ್ಲ ಹೆಣ್ಣುಮಕ್ಕಳ ಬೆರಳ ತುದಿಗೆ ಟೊಪ್ಪಿಗೆಯಂತೆ ಗೋರಂಟಿ ಇಟ್ಟು, ಬೆಳಗಾದ ಮೇಲೆ ಯಾರ ಬಣ್ಣ ಹೆಚ್ಚು ಕೆಂಪೇರಿದೆಯೆಂದು ಒಬ್ಬೊಬ್ಬರ ಕೈಯನ್ನೂ ಹಿಡಿದು ನೋಡುತ್ತಿದ್ದವರ ಕೈ ಮಾತ್ರ ಬೆಳ್ಳಗೇ ಉಳಿಯುತ್ತಿತ್ತು. ಗೋರಂಟಿ ಗಿಡಕ್ಕೆ ಯಾವ ಭೇದವೂ ಗೊತ್ತಿಲ್ಲ. ಭೇದವನ್ನು ಎಣ್ಣೆಯಂತೆ ನಡುವೆ ಬಳಿದದ್ದು ನಮ್ಮ ಸಮಾಜ.

ಇನ್ನು ಸೀಸೆಯ ಬಣ್ಣದ ಕಥೆ. ಮ್ಯಾನಿಕ್ಯೂರ್ ಎಂಬ ಶಬ್ದದಲ್ಲಿ ಲ್ಯಾಟಿನಿನ ಎರಡು ಪದಗಳಿವೆ: ಕೈ, ಆರೈಕೆ. ಹತ್ತೊಂಬತ್ತನೆಯ ಶತಮಾನದ ಯೂರೋಪು ಅಮೆರಿಕಗಳಲ್ಲಿ ಈ ಆರೈಕೆಯೆಂದರೆ ಉಗುರನ್ನು ಕತ್ತರಿಸಿ, ಪುಡಿ ಹಚ್ಚಿ, ಮೆದುದೊಗಲಿನಿಂದ ಉಜ್ಜಿ ಹೊಳಪೇರಿಸುವುದು. 'ಪಾಲಿಶ್' ಎಂಬ ಹೆಸರು ಆ ಉಜ್ಜುವಿಕೆಯ ಪಳೆಯುಳಿಕೆ. ಉಜ್ಜುವುದು ಹೋಗಿ ಬಳಿಯುವುದು ಬಂದರೂ ಹೆಸರು ಹಾಗೆಯೇ ನಿಂತಿತು. ಅಮೆರಿಕದ ಕ್ಯೂಟೆಕ್ಸ್ ಕಂಪನಿ 1910ರ ದಶಕದಲ್ಲಿ ನಸುಗೆಂಪಿನ ದ್ರವವನ್ನು ಮಾರುಕಟ್ಟೆಗೆ ತಂದಿತು. ಆದರೆ ಇಂದಿನ ಬಣ್ಣದ ನಿಜವಾದ ತಾಯಿ ನೈಟ್ರೋಸೆಲ್ಯುಲೋಸ್. 1846ರಲ್ಲಿ ಷೋನ್‌ಬೈನ್ ಎಂಬ ರಸಾಯನಶಾಸ್ತ್ರಜ್ಞ ಹತ್ತಿಯನ್ನು ಆಮ್ಲಗಳಲ್ಲಿ ಅದ್ದಿ ಸಿಡಿಮದ್ದಿನ ಹತ್ತಿಯನ್ನು ಪಡೆದ. ಅದರದೇ ಸೌಮ್ಯರೂಪ ಚಲನಚಿತ್ರದ ಸುರುಳಿಯಾಯಿತು, 1920ರ ದಶಕದಲ್ಲಿ ಮೋಟಾರು ಗಾಡಿಗಳ ಬಣ್ಣವಾಯಿತು, ಹಾಗೆಯೇ ಉಗುರಿಗೂ ಬಂತು. ಪಾಂಡವರಿಗೆ ಅರಗಿನ ಮನೆ ಕಟ್ಟಿಸಿದ ದುರ್ಯೋಧನನಿಗೆ ಅರಗಿನ ಮೆರುಗಿಗಿಂತ ಅದು ಬೇಗ ಹೊತ್ತಿಕೊಳ್ಳುವ ಗುಣ ಮುಖ್ಯವಾಗಿತ್ತು. ಹೊಸ ಅರಗೂ ಅದೇ ಗುಣವನ್ನು ಉಳಿಸಿಕೊಂಡಿದೆ. ಉಗುರಿನ ಬಣ್ಣದ ಸೀಸೆಯನ್ನು ಒಲೆಯ ಬಳಿ ಇಡಬಾರದೆನ್ನುವುದು ಅದಕ್ಕೇ.

1932ರಲ್ಲಿ ನ್ಯೂಯಾರ್ಕಿನಲ್ಲಿ ರೆವ್ಸನ್ ಸೋದರರಿಬ್ಬರು, ಲ್ಯಾಕ್ಮನ್ ಎಂಬ ರಸಾಯನಶಾಸ್ತ್ರಜ್ಞನೊಡನೆ ಸೇರಿ ರೆವ್ಲಾನ್ ಕಂಪನಿಯನ್ನು ತೆರೆದರು. ಅಲ್ಲಿಯವರೆಗೆ ಪಾರದರ್ಶಕವಾಗಿದ್ದ ಬಣ್ಣಕ್ಕೆ ಅವರು ಗಟ್ಟಿ ವರ್ಣದ್ರವ್ಯವನ್ನು ಸೇರಿಸಿದರು. 1940ರಲ್ಲಿ ತುಟಿಗೂ ಬೆರಳಿಗೂ ಒಂದೇ ಬಣ್ಣವಿರಲಿ ಎಂಬ ಪ್ರಚಾರ ಮಾಡಿ ಒಂದು ಸೀಸೆ ಕೊಳ್ಳುವವರಿಗೆ ಎರಡು ಪದಾರ್ಥ ಮಾರುವ ಜಾಣ್ಮೆಯನ್ನೂ ತೋರಿದರು.

ನಮ್ಮ ದೇಶದಲ್ಲಿ ಟಾಟಾ ಸಂಸ್ಥೆ 1952ರಲ್ಲಿ ಲಕ್ಮೆಯನ್ನು ಸ್ಥಾಪಿಸಿತು. ದೆಲಿಬ್ ಎಂಬ ಫ್ರೆಂಚ್ ಸಂಗೀತಗಾರ ರಚಿಸಿ 1883ರಲ್ಲಿ ರಂಗಕ್ಕೆ ಬಂದ ಗೀತನಾಟಕದ ಭಾರತೀಯ ನಾಯಕಿಯ ಹೆಸರು ಅದು. ನಮ್ಮ ಲಕ್ಷ್ಮಿ ಪ್ಯಾರಿಸಿಗೆ ಹೋಗಿ ಲಕ್ಮೆಯಾಗಿ ಮುಂಬಯಿಗೆ ಮರಳಿದಳು. ಲಾಕ್ಷಾ, ಲಕ್ಮೆ ಕಿವಿಗೆ ಹತ್ತಿರವಾದರೂ ಶಬ್ದಶಾಸ್ತ್ರದಲ್ಲಿ ನಂಟರಲ್ಲ ಎಂಬುದನ್ನು ಮೇಷ್ಟರ ಅಭ್ಯಾಸದಿಂದ ಸೂಚಿಸಿ ಮುಂದೆ ಹೋಗುತ್ತೇನೆ. ಈ ಸೀಸೆಯನ್ನು ಹಿರಿಯರು ಫ್ಯಾಷನ್ ಎಂದು ಜರೆದರು. ಆದರೆ ಅದರಲ್ಲಿ ಅವರು ಕಾಣದ ಗುಣವೊಂದಿತ್ತು. ಕುಂಕುಮಕ್ಕೆ, ಬಳೆಗೆ, ಗೋರಂಟಿಗೆ ಮುತ್ತೈದೆತನದ ಹಂಗಿತ್ತು. ಸೀಸೆಯ ಬಣ್ಣಕ್ಕೆ ಯಾವ ಶಾಸ್ತ್ರವೂ ಇರಲಿಲ್ಲ. ಹಚ್ಚಬಹುದೇ ಎಂದು ಪಂಚಾಂಗವನ್ನಾಗಲಿ ಪುರೋಹಿತರನ್ನಾಗಲಿ ಕೇಳಬೇಕಾಗಿರಲಿಲ್ಲ. ಬೇಡವೆನಿಸಿದ ದಿನ ತೆಗೆದೂ ಹಾಕಬಹುದಾಗಿತ್ತು. ಇದು ಸಣ್ಣ ಸ್ವಾತಂತ್ರ್ಯವೇ ಇರಬಹುದು. ಆದರೆ ಸ್ವಾತಂತ್ರ್ಯ ದೊರೆಯದವರಿಗಷ್ಟೇ ಅದರ ಅಳತೆ ಗೊತ್ತು.

ಈಗ ದರಪಟ್ಟಿಗೆ ಮರಳೋಣ. ಅದರಲ್ಲಿರುವ ಬಗೆಗಳೆಲ್ಲ ಮೂಲದಲ್ಲಿ ಮೂರೇ. ಉಗುರಿನೊಳಕ್ಕೆ ಇಳಿಯುವುದು ಗೋರಂಟಿ. ಮೇಲೆ ಕುಳಿತು, ದ್ರಾವಕ ಆರಿದೊಡನೆ ಗಟ್ಟಿಯಾಗುವುದು ಸಾದಾ ಪಾಲಿಶ್. ಅದು ವಾರದ ಸುಮಾರಿಗೆ ಚಕ್ಕೆ ಏಳುತ್ತದೆ, ಅಸಿಟೋನ್ ತಾಕಿದರೆ ಹೋಗುತ್ತದೆ. ಮೂರನೆಯದು ರಾಸಾಯನಿಕ ಕ್ರಿಯೆಯಿಂದ ಉಗುರಿನ ಮೇಲೆಯೇ ಪ್ಲಾಸ್ಟಿಕ್ಕಾಗುವುದು. ಹಲ್ಲಿನ ಸೆಟ್ಟು ಮಾಡುವ ಪದಾರ್ಥದ ಕುಲಕ್ಕೆ ಸೇರಿದ ಅಕ್ರಿಲಿಕ್, ಅತಿನೇರಳೆ ದೀಪದ ಕೆಳಗೆ ಗಟ್ಟಿಯಾಗುವ ಜೆಲ್, ಎರಡೂ ಈ ಗುಂಪಿನವು. 2010ರಲ್ಲಿ ಬಂದು ಜೆಲ್ ಪಾಲಿಶನ್ನು ಮನೆಮಾತಾಗಿಸಿದ ಒಂದು ಸರಕಿನ ಹೆಸರೇ 'ಶೆಲ್ಯಾಕ್', ಅಂದರೆ ಅರಗು. ಸೋಜಿಗವೆಂದರೆ ಅದರಲ್ಲಿ ಅರಗು ಇಲ್ಲ!

ಹೆಚ್ಚು ಬಾಳುವುದು ಹೆಚ್ಚು ಬೆಲೆ ಕೇಳುತ್ತದೆ, ಹಣದ ರೂಪದಲ್ಲಿ ಮಾತ್ರವಲ್ಲ. ಜೆಲ್ ಎರಡು ವಾರ ಮಿರುಗುತ್ತದೆ. ಆದರೆ ಅಸಿಟೋನಿನಲ್ಲಿ ನೆನೆಸಿ ತೆಗೆಯುವ ತಾಳ್ಮೆಯಿಲ್ಲದೆ ಕಿತ್ತರೆ ಉಗುರಿನ ಪದರವೂ ಅದರ ಜೊತೆ ಬರುತ್ತದೆ. ಸರಿಯಾಗಿ ಗಟ್ಟಿಯಾಗದ ಜೆಲ್ ಚರ್ಮಕ್ಕೆ ತಾಕುತ್ತಿದ್ದರೆ ಒಗ್ಗದಿಕೆ ಹುಟ್ಟಬಹುದು. ಜೆಲ್ಲಿನಲ್ಲಿ ಬಳಸುತ್ತಿದ್ದ ಟಿಪಿಓ ಎಂಬ ವಸ್ತುವನ್ನು ಯೂರೋಪಿನ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯಸಾಧನಗಳಲ್ಲಿ ನಿಷೇಧಿಸಿತು. ಗೋರಂಟಿಯೇ ಸುರಕ್ಷಿತವೆಂದು ಬೀಗುವಂತೆಯೂ ಇಲ್ಲ: 'ಕಪ್ಪು ಮೆಹಂದಿ' ಎಂದು ಮಾರುವ ಪದಾರ್ಥಕ್ಕೆ ಸೇರಿಸುವ ಕೂದಲ ಬಣ್ಣದ ರಾಸಾಯನಿಕ ಚರ್ಮವನ್ನು ಬೊಬ್ಬೆ ಏಳಿಸಬಲ್ಲದು.

ದರಪಟ್ಟಿಯಲ್ಲಿ ಬರೆಯದ ಸಾಲೊಂದಿದೆ. ಮೇಜಿನ ಆಚೆ ಕುಳಿತು ಕೈ ಹಿಡಿದವರು ಯಾರು? ಬಂಗಾಳದಲ್ಲಿ ಗೃಹಿಣಿಯರ ಉಗುರು ಕತ್ತರಿಸಿ ಪಾದಕ್ಕೆ ಅಲತಿಗೆ ಹಚ್ಚುತ್ತಿದ್ದವಳು ನಾಪಿತರ ಮನೆಯ ಹೆಂಗಸು. ಅವಳಿಲ್ಲದೆ ಮಂಗಳಕಾರ್ಯವಿಲ್ಲ, ಆದರೂ ಜಾತಿಯ ಏಣಿಯಲ್ಲಿ ಅವಳ ಮೆಟ್ಟಿಲು ಕೆಳಗೆ. 1975ರಲ್ಲಿ ಸೈಗಾನ್ ಪತನವಾದ ಮೇಲೆ ಕ್ಯಾಲಿಫೋರ್ನಿಯದ ನಿರಾಶ್ರಿತರ ಶಿಬಿರವೊಂದಕ್ಕೆ ಟಿಪ್ಪಿ ಹೆಡ್ರನ್ ಎಂಬ ಚಿತ್ರನಟಿ ಹೋಗುತ್ತಿದ್ದಳು. ಅಲ್ಲಿದ್ದ ವಿಯೆಟ್ನಾಮಿನ ಹೆಂಗಸರು ಅವಳ ಉಗುರುಗಳನ್ನು ಮೆಚ್ಚಿ ನೋಡಿದರು. ಆಕೆ ತನ್ನ ಮ್ಯಾನಿಕ್ಯೂರಿನವಳನ್ನೇ ಕರೆಸಿ ಸುಮಾರು ಇಪ್ಪತ್ತು ಮಂದಿಗೆ ಕೆಲಸ ಕಲಿಸುವ ಏರ್ಪಾಡು ಮಾಡಿದಳು. ಮನೆಮಠ ಕಳೆದುಕೊಂಡವರಿಗೆ ಉಗುರೇ ಅನ್ನವಾಯಿತು. ಅಮೆರಿಕದ ಉಗುರಿನ ಅಂಗಡಿಗಳ ಕೆಲಸಗಾರರಲ್ಲಿ ಇಂದು ವಿಯೆಟ್ನಾಮ್ ಮೂಲದವರದೇ ದೊಡ್ಡ ಪಾಲು. ಇದೇ ಕಸುಬಿನ ಇನ್ನೊಂದು ಮುಖವನ್ನು 2015ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬಯಲಿಗೆ ತಂದಿತು: ಕಡಿಮೆ ಕೂಲಿ, ದಿನವಿಡೀ ರಾಸಾಯನಿಕದ ಹಬೆ. ನಮ್ಮ ಬೆಂಗಳೂರಿನ ಪಾರ್ಲರುಗಳಲ್ಲಿಯೂ ದೂರದ ಈಶಾನ್ಯ ರಾಜ್ಯಗಳಿಂದ ಬಂದ ತರುಣಿಯರು ಅನೇಕರಿದ್ದಾರೆ. ನಾವು ಗಂಟೆಗೊಮ್ಮೆ ಮೂಸುವ ವಾಸನೆಯನ್ನು ಅವರು ಗಂಟೆಗಟ್ಟಲೆ ಉಸಿರಾಡುತ್ತಾರೆ.

ಆದ್ದರಿಂದ ಯಾವ ಬಗೆಯನ್ನು ಆಯಬೇಕೆಂದು ನನ್ನ ಮೊಮ್ಮಗಳ ವಯಸ್ಸಿನವರು ಕೇಳಿದರೆ ನಾನು ಬಣ್ಣದ ಹೆಸರು ಹೇಳುವುದಿಲ್ಲ. ನಾಳೆ ಬೇಡವೆನಿಸಿದರೆ ಸುಲಭವಾಗಿ ತೆಗೆಯಬಹುದಾದದ್ದನ್ನು ಆಯ್ದುಕೊಳ್ಳಮ್ಮ ಎನ್ನುತ್ತೇನೆ. ಕಿಟಕಿ ತೆರೆದಿರುವ ಅಂಗಡಿಯನ್ನು ಆಯ್ದುಕೊ, ಕೈ ಹಿಡಿದವಳ ಮುಖವನ್ನೊಮ್ಮೆ ನೋಡು ಎನ್ನುತ್ತೇನೆ. ಅರಗು ಎಂಬ ಕನ್ನಡದ ಶಬ್ದಕ್ಕೆ ಕರಗುವುದು ಎಂಬ ಅರ್ಥವೂ ಉಂಟು. ಬಣ್ಣ ಯಾವುದಾದರೂ ಅರಗಿಹೋಗುವುದೇ. ಹಚ್ಚಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ ಎಂಬ ಧೈರ್ಯವೊಂದು ಅರಗದೆ ಉಳಿಯಲಿ.