ಎರೆನೆಲದ ಬೇಸಾಯ ಮತ್ತು ಅಹಿಂಸಾಧರ್ಮ
ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಒಂದು ಐತಿಹಾಸಿಕ ಅವಲೋಕನ

ಮಲಪ್ರಭೆಯ ದಕ್ಷಿಣಕ್ಕೆ ಹರಡಿರುವ ರೋಣ, ನರಗುಂದ ಮತ್ತು ಗಜೇಂದ್ರಗಡದ ಸೀಮೆ 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿತ್ತು. ಅಂದಿನಿಂದ ಗದಗ ಜಿಲ್ಲೆಯ ಭಾಗವಾಗಿದೆ. ನರಗುಂದ ಮತ್ತು ರೋಣದ ಬಹುಭಾಗ ಆಳವಾದ ಎರೆಭೂಮಿ. ಗಜೇಂದ್ರಗಡದ ಕಡೆಗೆ ಸಾಗಿದಂತೆ ಮರಳುಗಲ್ಲಿನ ಗುಡ್ಡಗಳು ತಲೆಯೆತ್ತುತ್ತವೆ. ಅವುಗಳ ಅಡಿಯ ಹಳ್ಳಿಗಳಲ್ಲಿ ಮಸಾರಿ ಮಣ್ಣು, ಕುರಿಗಾರರ ಹಟ್ಟಿಗಳು, ಮಳೆಯನ್ನೇ ನಂಬಿದ ಹೊಲಗಳು ಕಾಣುತ್ತವೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾಗುವ ಈ ನಾಡಿನಲ್ಲಿ ಒಕ್ಕಲುತನವು ಎಂದಿಗೂ ಸುಲಭದ ಬಾಳಾಗಿರಲಿಲ್ಲ. ಇಂಥ ನೆಲದಲ್ಲಿ ಜನರು ಸಾವಿರ ವರ್ಷಗಳಿಗೂ ಮಿಗಿಲಾಗಿ ಹೇಗೆ ಬದುಕಿದರು, ಆ ಬದುಕಿನ ಕ್ರಮ ಎಲ್ಲಿ ಕದಡಿತು, ಅದನ್ನು ಮತ್ತೆ ಸರಿಪಡಿಸುವಲ್ಲಿ ಧರ್ಮಸಂಸ್ಥೆಗಳ ಪಾತ್ರವೇನು ಎಂಬುದು ವಿಚಾರಾರ್ಹವಾದ ವಿಷಯ.

ಕೆರೆಯ ದಾನ, ಅನ್ನದ ದಾನ

ಈ ಸೀಮೆಯ ನರೇಗಲ್ಲಿನಲ್ಲಿ ರಾಷ್ಟ್ರಕೂಟರ ಕಾಲದ ಒಂದು ಬೃಹತ್ ಬಸದಿಯಿದೆ. ಗಂಗ ಅರಸ ಇಮ್ಮಡಿ ಬೂತುಗನ ರಾಣಿ ಪದ್ಮಬ್ಬರಸಿ ಕ್ರಿ.ಶ. 950ರ ಸುಮಾರಿಗೆ ಅದನ್ನು ಕಟ್ಟಿಸಿದಳು. ಬಸದಿಗೆ ಹೊಂದಿಕೊಂಡಿದ್ದ ದಾನಶಾಲೆಗೆ ಒಂದು ಕೆರೆಯನ್ನು ದತ್ತಿಯಾಗಿ ಬಿಟ್ಟ ಸಂಗತಿ ಅಲ್ಲಿಯ ಶಾಸನದಿಂದ ತಿಳಿದುಬರುತ್ತದೆ. ಅನತಿದೂರದ ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಬಸದಿಯನ್ನು ಕಟ್ಟಿಸಿದಳು. ಇವು ನಾಡಿಗೆಲ್ಲ ಪರಿಚಿತವಾದ ಸಂಗತಿಗಳು. ಆದರೆ ನರೇಗಲ್ಲಿನ ಕೆರೆಯ ದಾನದಲ್ಲಿ ಅಡಗಿರುವ ಅರ್ಥವು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ದಾನಶಾಲೆಯ ಎಲೆಗೆ ಬೀಳುವ ಅನ್ನವು ಹೊಲದಿಂದ ಬರಬೇಕು. ಹೊಲಕ್ಕೆ ನೀರು ಕೆರೆಯಿಂದ ಬರಬೇಕು. ಅನ್ನದಾನ ಮಾಡುವವರು ಅನ್ನದ ಮೂಲವನ್ನೂ ಕಾಯಬೇಕೆಂಬ ವಿವೇಕ ಅಂದಿನವರಿಗಿತ್ತು. ಕೆರೆಯೆಂದರೆ ಮನುಷ್ಯರಿಗೆ ಮಾತ್ರ ನೀರಲ್ಲ. ಹಕ್ಕಿ, ಮೀನು, ಕಪ್ಪೆ, ಮೇಯುವ ದನ ಎಲ್ಲಕ್ಕೂ ಅದೇ ಆಶ್ರಯ. ಶ್ರಾವಕರಿಗೆ ವರ್ಜ್ಯವೆಂದು ಶಾಸ್ತ್ರಗಳು ಹೇಳುವ ಹದಿನೈದು ಬಗೆಯ ಜೀವನೋಪಾಯಗಳಲ್ಲಿ ಕೆರೆಕೊಳಗಳನ್ನು ಬತ್ತಿಸುವುದೂ ವಿಷದ ವ್ಯಾಪಾರವೂ ಸೇರಿರುವುದನ್ನು ಇಲ್ಲಿ ನೆನೆಯಬಹುದು.

ಹಳೆಯ ಬೇಸಾಯದ ಕ್ರಮ

ಎರೆಹೊಲದ ಹಳೆಯ ಬೇಸಾಯ ಮಿಶ್ರಬೆಳೆಯ ಬೇಸಾಯವಾಗಿತ್ತು. ಹಿಂಗಾರಿಗೆ ಬಿಳಿಜೋಳ, ಕಡಲೆ, ಗೋದಿ. ಜೋಳದ ಹೊಲದ ಅಂಚಿಗೆ ಕುಸುಬೆಯ ಸಾಲು. ಕುಸುಬೆಯ ಮುಳ್ಳಿಗೆ ಅಂಜಿ ದನಗಳು ಒಳನುಗ್ಗುತ್ತಿರಲಿಲ್ಲ. ಮನೆಗೆ ಎಣ್ಣೆಯೂ ದೊರೆಯುತ್ತಿತ್ತು. ಹತ್ತಿಯ ನಡುವೆ ನವಣೆ ಬಿತ್ತುವ ರೂಢಿಯಿತ್ತು: ಒಂದು ಕೈಕೊಟ್ಟರೂ ಇನ್ನೊಂದು ಮನೆಯನ್ನು ಸಲಹುತ್ತಿತ್ತು. ಕೊಯ್ಲಾದ ಹೊಲದಲ್ಲಿ ಕುರಿಹಿಂಡನ್ನು ರಾತ್ರಿ ನಿಲ್ಲಿಸಿ ಅದರ ಹಿಕ್ಕೆಯನ್ನು ಗೊಬ್ಬರವಾಗಿಸುತ್ತಿದ್ದರು. ಕುರಿಗಾರನಿಗೆ ಅದಕ್ಕಾಗಿ ಕಾಳು ಸಲ್ಲುತ್ತಿತ್ತು. ಹೀಗೆ ಗುಡ್ಡದ ಹುಲ್ಲು ಕುರಿಯ ಮೂಲಕ ಬಯಲಿನ ಹೊಲಕ್ಕೆ ಸಾರವಾಗಿ ಇಳಿಯುತ್ತಿತ್ತು. ಗುಡ್ಡ ಬೋಳಾದರೆ ಬಯಲೂ ಬಡವಾಗುತ್ತದೆಂಬುದು ಹಿರಿಯರಿಗೆ ಅನುಭವದಿಂದ ತಿಳಿದಿತ್ತು.

ಹಬ್ಬದ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲುವ ಪದ್ಧತಿ ಉತ್ತರ ಕರ್ನಾಟಕದಲ್ಲಿ ಇಂದಿಗೂ ಉಳಿದಿದೆ. ಅಡಿಗೆಯ ಒಂದು ಪಾಲನ್ನು ಭೂಮಿಗೂ ಅದರಲ್ಲಿ ವಾಸಿಸುವ ಜೀವಗಳಿಗೂ ಅರ್ಪಿಸುವ ಈ ಆಚರಣೆ ಜಾತಿಮತಗಳನ್ನು ಮೀರಿದ್ದು. ಬೆಳೆಯಲ್ಲಿ ಅನ್ಯಜೀವಿಗಳಿಗೂ ಹಕ್ಕಿದೆಯೆಂಬ ಭಾವನೆ ಅದರ ಹಿಂದಿದೆ.

ಹತ್ತಿಯ ಆಕರ್ಷಣೆ

ಈ ಕ್ರಮವನ್ನು ಮೊದಲು ಕದಲಿಸಿದ್ದು ಹತ್ತಿಯ ವ್ಯಾಪಾರ. 1840ರ ದಶಕದಲ್ಲಿ ಕಂಪನಿ ಸರಕಾರವು ಅಮೆರಿಕದ ಬೆಳೆಗಾರರನ್ನು ಕರೆತಂದು, ಹುಬ್ಬಳ್ಳಿಯ ಬಳಿಯ ಕುಸುಗಲ್ಲಿನಲ್ಲಿ ನ್ಯೂ ಆರ್ಲಿಯನ್ಸ್ ಹತ್ತಿಯ ಪ್ರಯೋಗ ನಡೆಸಿತು. ಅದೇ ಮುಂದೆ 'ಧಾರವಾಡ ಅಮೆರಿಕನ್' ಎಂದು ಪ್ರಸಿದ್ಧವಾಯಿತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದಾಗ ಹತ್ತಿಯ ಬೆಲೆ ಗಗನಕ್ಕೇರಿತು. ಯುದ್ಧ ಮುಗಿದೊಡನೆ ಕುಸಿಯಿತು. ಆಸೆಯ ಆ ದಿನಗಳಲ್ಲಿ ಕಲಬೆರಕೆ ಎಷ್ಟು ಹೆಚ್ಚಿತೆಂದರೆ, 1863ರಲ್ಲಿ ಮುಂಬಯಿ ಸರಕಾರ ಹತ್ತಿಯ ಮೋಸವನ್ನು ತಡೆಯಲು ಕಾನೂನನ್ನೇ ತರಬೇಕಾಯಿತು. 1876–78ರ ಭೀಕರ ಕ್ಷಾಮವು ಈ ಸೀಮೆಯನ್ನು ತತ್ತರಗೊಳಿಸಿತು. ದೂರದ ಪೇಟೆಯ ಬೆಲೆಯನ್ನು ನಂಬಿದ ಬೇಸಾಯ ಎಷ್ಟು ಅಸ್ಥಿರವೆಂಬುದಕ್ಕೆ ಇದು ಮೊದಲ ಪಾಠ.

ಎರಡನೆಯ ಪಾಠ ಒಂದು ಶತಮಾನದ ಅನಂತರ ಬಂದಿತು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರ್ಕಿಯವರು ವರಲಕ್ಷ್ಮಿ ಎಂಬ ಸಂಕರ ಹತ್ತಿಯನ್ನು ರೂಪಿಸಿದರು. ಅದೇ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ಕಾಲುವೆಗಳಿಗೆ ಹರಿಯತೊಡಗಿತು. ಉದ್ದನೆಯ ಎಳೆಯ ವರಲಕ್ಷ್ಮಿ ಒಳ್ಳೆಯ ಹಣ ತಂದಿತು. ಜಯಧರದಂಥ ನಾಡತಳಿಗಳು ಹಿಂದೆ ಸರಿದವು. ಆದರೆ ಸಂಕರ ಹತ್ತಿಗೆ ರಸಗೊಬ್ಬರವೂ ಕೀಟನಾಶಕವೂ ಹೇರಳವಾಗಿ ಬೇಕು. ಕಾಲುವೆಯ ನೀರು ನಿಂತ ಎರೆಹೊಲಗಳಲ್ಲಿ ಜವುಳೂ ಸವುಳೂ ಕಾಣಿಸಿದವು. ದಶಕದ ಕೊನೆಗೆ ಬೆಲೆ ಬಿತ್ತು. ಅದೇ ಹೊತ್ತಿಗೆ ಸರಕಾರ ಅಭಿವೃದ್ಧಿ ಕರವನ್ನು ಕೇಳಿತು. 1980ರ ಜುಲೈ 21ರಂದು ನರಗುಂದ ಮತ್ತು ನವಲಗುಂದಗಳಲ್ಲಿ ರೈತರ ಅಸಮಾಧಾನ ಸಿಡಿಯಿತು. ರೈತರೂ ಪೊಲೀಸರೂ ಪ್ರಾಣ ಕಳೆದುಕೊಂಡರು. ರಾಜ್ಯದ ರೈತ ಚಳವಳಿಗೆ ಈ ಘಟನೆ ನಾಂದಿಯಾಯಿತು. ಆ ದುರಂತದ ಹಿಂದೆ ಕರದ ಪ್ರಶ್ನೆಯಷ್ಟೇ ಅಲ್ಲದೆ, ಖರ್ಚು ಹೆಚ್ಚಿ ಆದಾಯ ಅನಿಶ್ಚಿತವಾದ ಒಂದು ಬೇಸಾಯ ವಿಧಾನದ ಬಿಕ್ಕಟ್ಟೂ ಇತ್ತು.

ವಿಷದ ಪ್ರಶ್ನೆ

1990ರ ದಶಕದಲ್ಲಿ ಭಾರತದ ಸಾಗುವಳಿ ಭೂಮಿಯ ಸುಮಾರು ನೂರಕ್ಕೆ ಐದರಷ್ಟರಲ್ಲಿದ್ದ ಹತ್ತಿಯು ದೇಶದ ಕೀಟನಾಶಕದ ಅರ್ಧದಷ್ಟನ್ನು ಕಬಳಿಸುತ್ತಿತ್ತೆಂದು ಅಂದಾಜು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತ ಮೇಲೆ ಕಾಯಿಕೊರಕದ ಸಿಂಪರಣೆ ಮೊದಮೊದಲು ತಗ್ಗಿತಾದರೂ, ರಸಹೀರುವ ಕೀಟಗಳೂ ಮುಂದೆ ಗುಲಾಬಿ ಕಾಯಿಕೊರಕವೂ ಕಾಡತೊಡಗಿದವು. ವಿಷವು ಹುಳುವಿನಲ್ಲಿ ನಿಲ್ಲುವುದಿಲ್ಲವೆಂಬುದಕ್ಕೆ ಕನ್ನಡಿಗರೂ ನೆಲೆಸಿರುವ ಕಾಸರಗೋಡಿನ ಗುಡ್ಡದ ಹಳ್ಳಿಗಳೇ ಸಾಕ್ಷಿ. ಅಲ್ಲಿ ಗೇರುತೋಟಗಳ ಮೇಲೆ ದಶಕಗಳ ಕಾಲ ಆಕಾಶದಿಂದ ಎಂಡೋಸಲ್ಫಾನ್ ಸುರಿಯಿತು. ತಲೆಮಾರುಗಳು ಅದರ ಫಲವನ್ನು ಉಂಡವು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ನಿಷೇಧಿಸಿತು.

ಗೃಹಸ್ಥನ ಹಿಂಸೆಯನ್ನು ಜೈನ ಆಚಾರ್ಯರು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಆದಿತೀರ್ಥಂಕರನು ಉಪದೇಶಿಸಿದ ಷಟ್ಕರ್ಮಗಳಲ್ಲಿ ಕೃಷಿಯೂ ಒಂದಾದ್ದರಿಂದ ನೇಗಿಲ ಮೊನೆಗೆ ಸಿಕ್ಕುವ ಜೀವಗಳ ಹಾನಿ ಉದ್ಯೋಗಿ ಹಿಂಸೆ. ಅನಿವಾರ್ಯವಾದರೂ ಕಡಿಮೆ ಮಾಡಬೇಕಾದದ್ದು. ಆದರೆ ಕೊಲ್ಲುವುದಕ್ಕೆಂದೇ ಸಿಂಪಡಿಸುವ ವಿಷ ಯಾವ ವರ್ಗಕ್ಕೆ ಸೇರಬೇಕು? ಬೆಳೆಯನ್ನು ಉಳಿಸಿಕೊಳ್ಳುವುದೇ ತನ್ನ ಉದ್ದೇಶವೆಂದು ರೈತ ಹೇಳುವುದರಲ್ಲಿ ಸತ್ಯವಿದೆ. ಸಾಲದ ಹೊರೆ ಹೊತ್ತವನ ಮೇಲೆ ಪಾಪದ ಹೊರೆಯನ್ನೂ ಹೊರಿಸುವುದು ನ್ಯಾಯವಲ್ಲ. ಕೃತ, ಕಾರಿತ, ಅನುಮೋದಿತ ಎಂಬ ಮೂರು ದಾರಿಗಳಿಂದಲೂ ಹಿಂಸೆಯ ಪಾಲು ಬರುತ್ತದೆಯೆಂಬುದು ಶಾಸ್ತ್ರದ ನಿಲುವು. ಸಿಂಪಡಿಸಿದವನೊಡನೆ ವಿಷವನ್ನು ಮಾರಿದವನೂ, ಅಗ್ಗದ ಕಾಳನ್ನು ವಿಚಾರಿಸದೆ ಕೊಂಡವನೂ ಆ ಪಾಲಿಗೆ ಭಾಗಿಗಳು. ಹೊಲವಿಲ್ಲದ ಮನೆಗಳೂ ಈ ಪ್ರಶ್ನೆಯಿಂದ ಹೊರತಾಗುವುದಿಲ್ಲ.

ಮರಳಿ ಬರುವ ದಾರಿ

ಕರ್ನಾಟಕ ಸರಕಾರವು 2004ರಲ್ಲಿ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿತು. ನೆರೆಯ ಕಪ್ಪತಗುಡ್ಡದಲ್ಲಿ ಔಷಧಿ ಸಸ್ಯಗಳನ್ನೂ ವನ್ಯಜೀವಿಗಳನ್ನೂ ಉಳಿಸಲು ಜನರು ದೀರ್ಘ ಹೋರಾಟ ನಡೆಸಿದರು. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಅದರ ಮುಂಚೂಣಿಯಲ್ಲಿದ್ದರು. 2019ರಲ್ಲಿ ಆ ಗುಡ್ಡ ವನ್ಯಜೀವಿಧಾಮವಾಯಿತು. ಗುಡ್ಡವನ್ನು ಕಾಯಲು ಒಂದು ಧರ್ಮಪೀಠವೂ ಒಕ್ಕಲು ಮಕ್ಕಳೂ ಒಂದಾದ ಈ ಪ್ರಸಂಗ ಗಜೇಂದ್ರಗಡದ ಗುಡ್ಡದಂಚಿನ ಹಳ್ಳಿಗಳಿಗೂ ಮಾದರಿ. ಒಡ್ಡು ಹಾಕಿ ನೀರಿಂಗಿಸುವುದು, ಕೊಟ್ಟಿಗೆಗೊಬ್ಬರ, ಬೇವಿನ ಬೀಜದ ಕಷಾಯ, ಮಿಶ್ರಬೆಳೆ, ಮನೆಯಲ್ಲೇ ಕಾಯ್ದ ನಾಡಬೀಜ—ಇವೆಲ್ಲ ಈ ನೆಲಕ್ಕೆ ಹೊಸವಲ್ಲ.

ಆದರೂ ಬದಲಾವಣೆ ನಿಧಾನವಾಗಿರುವುದಕ್ಕೆ ಕಾರಣವಿದೆ. ದೇಶದ ಪ್ರಮಾಣೀಕರಣದ ನಿಯಮದಂತೆ ವಾರ್ಷಿಕ ಬೆಳೆಯ ಹೊಲಕ್ಕೆ ಕನಿಷ್ಠ ಎರಡು ವರ್ಷಗಳ ಪರಿವರ್ತನೆಯ ಅವಧಿಯುಂಟು. ಆ ಅವಧಿಯಲ್ಲಿ ಇಳುವರಿ ಕುಗ್ಗಬಹುದು. ಸಾವಯವವೆಂಬ ಹೆಸರಿನ ಬೆಲೆಯೂ ದೊರೆಯದು. ಕುರಿಹಿಂಡುಗಳೂ ಎತ್ತುಗಳೂ ಕಡಿಮೆಯಾಗಿ ಗೊಬ್ಬರವೇ ದುರ್ಲಭವಾಗಿದೆ. ನಾಲ್ಕಾರು ಎಕರೆಯ ರೈತ ಈ ಎರಡು ವರ್ಷಗಳ ನಷ್ಟವನ್ನು ಒಬ್ಬನೇ ತಾಳಲಾರ. ಈ ಕಷ್ಟಕ್ಕೆ ಉತ್ತರವೂ ಗದಗ ಸೀಮೆಯ ಇತಿಹಾಸದಲ್ಲಿಯೇ ಇದೆ. 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಒಬ್ಬನಿಗೆ ಭಾರವಾದದ್ದನ್ನು ಊರು ಹಂಚಿಕೊಂಡರೆ ಹೊರಬಹುದೆಂದು ಅವರು ತೋರಿಸಿಕೊಟ್ಟರು.

ಬಸದಿಗಳ ಇನಾಂ ಭೂಮಿಗಳಲ್ಲಿ ಬಹುಪಾಲು 1970ರ ದಶಕದ ಭೂಸುಧಾರಣೆಯಲ್ಲಿ ಉಳುವವರ ಪಾಲಾದವು, ಅದು ನ್ಯಾಯವೇ. ಹಾಗಾಗಿ ಪದ್ಮಬ್ಬರಸಿಯ ಕಾಲದಂತೆ ಭೂದತ್ತಿಯಿಂದ ದಾನಶಾಲೆ ನಡೆಸುವ ಸ್ಥಿತಿ ಇಂದಿನ ಟ್ರಸ್ಟುಗಳಿಗಿಲ್ಲ. ಆದರೆ ಅಡುಗೆಮನೆ ಉಳಿದಿದೆ. ಪಂಚಕಲ್ಯಾಣ, ಪರ್ಯೂಷಣ, ಚಾತುರ್ಮಾಸ, ವಿದ್ಯಾರ್ಥಿನಿಲಯ, ಯಾತ್ರಾನಿವಾಸ ಇವುಗಳಿಗೆ ವರ್ಷವಿಡೀ ಜೋಳ, ಗೋದಿ, ಬೇಳೆ, ಕುಸುಬೆಯೆಣ್ಣೆ ಬೇಕು. ಪರಿವರ್ತನೆಯ ಅವಧಿಯಲ್ಲಿರುವ ಹತ್ತಾರು ರೈತರ ಗುಂಪಿನೊಡನೆ ಬಿತ್ತನೆಗೆ ಮೊದಲೇ ಬೆಲೆ ಗೊತ್ತುಮಾಡಿ, ಮುಂಗಡವನ್ನು ಕೊಟ್ಟು, ಆ ಕಾಳನ್ನು ಕೊಂಡರೆ ನಷ್ಟದ ಒಂದು ಪಾಲನ್ನು ಸಮಾಜ ಹೊತ್ತಂತಾಗುತ್ತದೆ. ಮುನಿಗಳ ಆಹಾರಕ್ಕೆ ನೀರನ್ನು ಸೋಸಿ, ಕಾಳನ್ನು ಆರಿಸಿ, ಸೂಕ್ಷ್ಮಜೀವಿಯನ್ನೂ ನೋಯಿಸದಂತೆ ಎಚ್ಚರ ವಹಿಸುವ ಮನೆಗಳು, ಆ ಕಾಳು ಬೆಳೆದ ಹೊಲದಲ್ಲಿ ಎಷ್ಟು ಜೀವಗಳು ಅಳಿದವೆಂಬುದನ್ನೂ ವಿಚಾರಿಸುವುದು ಅದೇ ಎಚ್ಚರದ ಮುಂದುವರಿಕೆ. ಹತ್ತನೆಯ ಶತಮಾನದ ದಾನಶಾಲೆಗೆ ಕೆರೆಯನ್ನು ಬಿಟ್ಟವರು ಮೂಲವನ್ನು ಮರೆಯಲಿಲ್ಲ. ಇಂದಿನ ದಾನಶಾಲೆಗಳು ಹೊಲದ ಕಡೆಗೆ ಮುಖ ಮಾಡಿದರೆ ಆ ಪರಂಪರೆ ಮುಂದುವರಿಯುತ್ತದೆ.